ಬಿಡುವಿನಲ್ಲಿ ಗೇಮ್ ಮಾಡುವವರು ಹುರುಪು ಉಳಿಸಿಕೊಳ್ಳುವುದು ಹೇಗೆ, ಆಡುವವರಿಗೆ ತೃಪ್ತಿ ಕೊಡುವುದು ಹೇಗೆ?

ಕವಡೆಗಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಗೇಮ್ ತಯಾರಿಕೆ ನನ್ನ ಉದ್ಯೋಗವಲ್ಲ, ಉದ್ಯೋಗವಾಗಬೇಕೆಂಬ ಆಸೆಯೂ ಇಲ್ಲ. ರಾತ್ರಿ ಊಟವಾದ ಮೇಲೆ ಸಿಗುವ ಬಿಡುವಿನಲ್ಲಿ ಗೇಮ್ ತಯಾರಿಸುವ ತಂತ್ರಾಂಶವಾದ ಗೊಡೊ ಎಂಜಿನ್ ಕಲಿತು, ಚೌಕಾಬಾರವನ್ನು ಮೊಬೈಲಿಗೆ ತರಲು ಹೊರಟಿದ್ದೇನೆ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ, ಚೌಕವೋ (ನಾಲ್ಕು) ಬಾರವೋ (ಎಂಟು) ಬಿದ್ದರೆ ಮತ್ತೊಂದು ಎಸೆತ, ಇವೆಲ್ಲ ಸರಿಯಾಗಿ ನಡೆಯುತ್ತಿವೆ. ಕಂಪ್ಯೂಟರ್ ಎದುರಾಳಿಯೂ ಸುಮಾರಾಗಿ ಆಡುತ್ತದೆ.

ನನಗೆ ಎದುರಾಗಿರುವ ತೊಂದರೆ ಎರಡು. ಸ್ನೇಹಿತರಿಗೆ ಕೊಟ್ಟರೆ ಒಂದು ಆಟ ಆಡಿ, ಚೆನ್ನಾಗಿದೆ ಎಂದು ಹೇಳಿ, ಮತ್ತೆ ಅದರ ಕಡೆ ನೋಡುವುದಿಲ್ಲ. ಆಟವನ್ನು ಆಕರ್ಷಕವಾಗಿಸಲೆಂದು ಗೆದ್ದರೆ ನಾಣ್ಯ, ದಿನಕ್ಕೊಂದು ಬಹುಮಾನ, ಹಂತಗಳು, ನಾಣ್ಯ ಕೊಟ್ಟು ಕೊಳ್ಳಬಹುದಾದ ಬಣ್ಣಬಣ್ಣದ ಕವಡೆಗಳು ಎಲ್ಲವನ್ನೂ ಸೇರಿಸಿದೆ. ಎರಡು ದಿನ ನಾಣ್ಯ ಕೂಡಿಸಿದರು, ಮೂರನೆಯ ದಿನ ಅದೂ ನಿಂತಿತು. ಎರಡನೆಯದು ನನ್ನದೇ ಹುರುಪಿನ ವಿಚಾರ. ಕಾಯಿ ಚಲಿಸುವ ದಾರಿಯನ್ನು ಕೋಡ್ ಮಾಡುವಾಗ, ಎದುರಾಳಿಗೆ ಬುದ್ಧಿ ಕಲಿಸುವಾಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಉಳಿದಿರುವುದು ಸೆಟ್ಟಿಂಗ್ಸ್ ಪುಟ, ಆಟ ಕಲಿಸುವ ಭಾಗ, ಅರ್ಧದಲ್ಲಿ ಬಿಟ್ಟ ಆಟವನ್ನು ಉಳಿಸುವ ವ್ಯವಸ್ಥೆ, ಸದ್ದು, ಇಂಥವು. ಲ್ಯಾಪ್‌ಟಾಪ್ ತೆರೆಯುತ್ತೇನೆ, ಪಟ್ಟಿ ನೋಡುತ್ತೇನೆ, ಮುಚ್ಚುತ್ತೇನೆ. ಇದಕ್ಕೂ ಮೊದಲು ಹೀಗೆ ಅರ್ಧಕ್ಕೆ ನಿಂತ ಆಟಗಳು ಅದೇ ಫೋಲ್ಡರಿನಲ್ಲಿ ಇವೆ.

ಆಡುವವರ ನಿರಾಸಕ್ತಿಗೂ ನನ್ನ ನಿರಾಸಕ್ತಿಗೂ ಸಂಬಂಧ ಇದೆಯೇ ಎಂಬ ಅನುಮಾನ ನನಗಿದೆ. ಅನುಭವ ಇರುವವರು ತಿಳಿಸಿ.

ಚುಕ್ಕಿಚಿತ್ರ:

ಕವಡೆಗಾರ ಅವರೇ, ಮೊದಲನೆಯ ತೊಂದರೆಗಷ್ಟೇ ಉತ್ತರಿಸುತ್ತೇನೆ, ಎರಡನೆಯದಕ್ಕೆ ಇಲ್ಲಿ ನನಗಿಂತ ಬಲ್ಲವರಿದ್ದಾರೆ.

ನಾಣ್ಯ ಮತ್ತು ದಿನದ ಬಹುಮಾನ ಎರಡನ್ನೂ ತೆಗೆದುಬಿಡಿ ಎಂಬುದು ನನ್ನ ಸಲಹೆ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದಿದೆ. ಚಿತ್ರ ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವು ಮಕ್ಕಳಿಗೆ ಮೊದಲೇ ಹೇಳಿ ಬರೆಸಿದರು, ಇನ್ನು ಕೆಲವರಿಗೆ ಮೊದಲು ಏನನ್ನೂ ಹೇಳದೆ ಕೊನೆಯಲ್ಲಿ ಕೊಟ್ಟರು, ಮತ್ತೆ ಕೆಲವರಿಗೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ನೋಡಿದರೆ, ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುವುದು ಉಳಿದೆರಡು ಗುಂಪಿನವರಿಗಿಂತ ಕಡಿಮೆಯಾಗಿತ್ತು. ಬಹುಮಾನವೆಲ್ಲ ಕೆಟ್ಟದ್ದು ಎಂದು ಇದರಿಂದ ಹೇಳಲಾಗದು, ಏಕೆಂದರೆ ಅನಿರೀಕ್ಷಿತವಾಗಿ ಪಡೆದ ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಮೊದಲೇ ಸಾರಿದ ಬಹುಮಾನವು ಮಾಡುವ ಕೆಲಸವನ್ನು ಕೂಲಿಯಾಗಿ ಕಾಣುವಂತೆ ಮಾಡಬಲ್ಲದು. ನಿಮ್ಮ ಸ್ನೇಹಿತರು ನಾಣ್ಯ ಕೂಡಿಸಲು ಆಡಿದರು, ನಾಣ್ಯದಿಂದ ಏನೂ ಆಗಬೇಕಾಗಿಲ್ಲ ಎಂದು ತಿಳಿದ ಕೂಡಲೇ ಬಿಟ್ಟರು.

ಹಾಗಾದರೆ ಚೌಕಾಬಾರದಲ್ಲಿ ಸುಖ ಎಲ್ಲಿದೆ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುವವರನ್ನು ಒಮ್ಮೆ ಗಮನಿಸಿ. ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಬಿಟ್ಟಾಗ ಮೂರು ಬೇಗ ನಿಲ್ಲುತ್ತವೆ, ಒಂದು ಮಾತ್ರ ಇನ್ನೂ ಹೊರಳುತ್ತಿರುತ್ತದೆ. ನಿಂತ ಮೂರೂ ಮಗುಚಿ ಬಿದ್ದಿದ್ದರೆ, ನಾಲ್ಕನೆಯದು ಮಗುಚಿದರೆ ಬಾರ, ಅಂದರೆ ಎಂಟು ಮನೆ ಮತ್ತು ಇನ್ನೊಂದು ಎಸೆತ. ಅಂಗಾತ ಬಿದ್ದರೆ ಬರೀ ಒಂದು. ಆ ಅರ್ಧ ಸೆಕೆಂಡಿಗೆ ಸುತ್ತ ಕುಳಿತವರೆಲ್ಲರೂ ಬಗ್ಗಿ ನೋಡುತ್ತಾರೆ. ನಿಮ್ಮ ಆಟದಲ್ಲಿ ನಾಲ್ಕೂ ಕವಡೆ ಒಟ್ಟಿಗೇ ನಿಂತು ಪಕ್ಕದಲ್ಲಿ ಒಂದು ಅಂಕಿ ಮೂಡುತ್ತದೆ ಎಂದು ನನ್ನ ಊಹೆ, ಬಹಳ ಮಂದಿ ಹಾಗೆಯೇ ಮಾಡುತ್ತಾರೆ.

ಇದನ್ನು ಬದಲಿಸುವುದು ಕಷ್ಟವಲ್ಲ. ಫಲಿತಾಂಶವನ್ನು ಮೊದಲೇ ತೀರ್ಮಾನಿಸಿ, ಕವಡೆಗಳನ್ನು ಒಂದೊಂದಾಗಿ ನಿಲ್ಲಿಸಿ. ಮೊದಲು ನಿಂತ ಮೂರೂ ಒಂದೇ ಬಗೆಯಾಗಿದ್ದರೆ ಮಾತ್ರ ನಾಲ್ಕನೆಯದನ್ನು ತುಸು ಹೆಚ್ಚು ಹೊತ್ತು ಹೊರಳಿಸಿ, ಇಲ್ಲದಿದ್ದರೆ ಬೇಗ ಮುಗಿಸಿ. ಒಂದು ಕವಡೆ ಅಂಗಾತವೋ ಮಗುಚಿಯೋ ಬೀಳುವ ಸಂಭವ ಸಮಾನ ಎಂದುಕೊಂಡರೆ ಸರಾಸರಿ ನಾಲ್ಕು ಎಸೆತಕ್ಕೊಮ್ಮೆ ಈ ಸಂದರ್ಭ ಬರುತ್ತದೆ, ಬೇಸರವಾಗುವಷ್ಟು ಹೆಚ್ಚೂ ಅಲ್ಲ, ಮರೆತುಹೋಗುವಷ್ಟು ಅಪರೂಪವೂ ಅಲ್ಲ. ಆದರೆ ಯಾವುದು ಕೊನೆಗೆ ನಿಲ್ಲಬೇಕು ಎಂಬುದನ್ನು ಎಸೆತದ ಫಲ ನೋಡಿ ಆರಿಸಬೇಡಿ. ಕೂದಲೆಳೆಯಲ್ಲಿ ತಪ್ಪಿತು ಎಂಬ ಭ್ರಮೆಯನ್ನು ಬೇಕೆಂದೇ ಹುಟ್ಟಿಸುವುದು ಜೂಜಿನ ಯಂತ್ರಗಳ ಕಸುಬು, ಅದು ನಮಗೆ ಬೇಡ.

ಇನ್ನೊಂದು ಪ್ರಶ್ನೆ: ನೀವು 1, 2, 3, 4, 8 ಈ ಐದರಲ್ಲಿ ಒಂದನ್ನು ಸಮಾನ ಸಂಭವದಲ್ಲಿ ಆರಿಸುತ್ತಿದ್ದೀರಾ? ಚೌಕಾಬಾರದ ಕೋಡ್‌ಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೆ ಮಾಡಿದರೆ ಐದು ಎಸೆತಕ್ಕೆ ಎರಡು ಸಲ ಮರು ಎಸೆತ ಸಿಕ್ಕಿ ಆಟದ ಬಿಗಿಯೇ ಹೋಗುತ್ತದೆ. ನಾಲ್ಕು ಕವಡೆಗಳನ್ನು ಬೇರೆಬೇರೆಯಾಗಿ ಎಸೆದರೆ ಹದಿನಾರರಲ್ಲಿ ಆರು ಪಾಲು ಎರಡು ಬೀಳುತ್ತದೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು ಪಾಲು, ಚೌಕಕ್ಕೂ ಬಾರಕ್ಕೂ ಒಂದೊಂದೇ ಪಾಲು. ಅಪರೂಪವಾದ್ದರಿಂದಲೇ ಬಾರ ಬಿದ್ದವರು ಕೂಗಿಕೊಳ್ಳುವುದು.

ಕಾಯಿಯ ನಡೆಯನ್ನೂ ಗಮನಿಸಿ. ಹೊರಟ ಮನೆಯಿಂದ ಸೇರುವ ಮನೆಗೆ ನೇರವಾಗಿ ಜಾರಿಸದೆ, ಮನೆಯಿಂದ ಮನೆಗೆ ಒಂದು ಸಣ್ಣ ಟಕ್ ಸದ್ದಿನೊಂದಿಗೆ ಹಾರಿಸಿದರೆ ಆಡುವವರು ಮನಸ್ಸಿನಲ್ಲೇ ಎಣಿಸುತ್ತ ಹೋಗುತ್ತಾರೆ, ಹೊಡೆತ ಬೀಳಲಿದೆ ಎಂಬುದು ಒಂದು ಮನೆ ಮೊದಲೇ ಅವರಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನ ಸರದಿಯೂ ಇದೇ ವೇಗದಲ್ಲಿ ಸಾಗಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮೂವರು ಎದುರಾಳಿಗಳ ಸರದಿ ಮುಗಿದರೆ ತನ್ನ ಕಾಯಿಯನ್ನು ಹೊಡೆದವರು ಯಾರು ಎಂಬುದೇ ಆಡುವವರಿಗೆ ತಿಳಿಯುವುದಿಲ್ಲ. 2012ರಲ್ಲಿ ಮಾರ್ಟಿನ್ ಯೋನಾಸನ್ ಮತ್ತು ಪೆಟ್ರಿ ಪುರ್ಹೊ ಒಂದು ಸಭೆಯಲ್ಲಿ ಇಟ್ಟಿಗೆ ಒಡೆಯುವ ಸಾಮಾನ್ಯ ಆಟವೊಂದನ್ನು ತೆಗೆದುಕೊಂಡು, ನಿಯಮಗಳನ್ನು ಮುಟ್ಟದೆ, ಚಲನೆ, ಸದ್ದು, ಚೂರುಗಳು, ಪರದೆಯ ಅಲುಗಾಟ ಇವನ್ನು ಒಂದೊಂದಾಗಿ ಸೇರಿಸುತ್ತ ಅದು ಜೀವ ತಳೆಯುವುದನ್ನು ತೋರಿಸಿದ್ದರು. ಅದರ ವಿಡಿಯೊ ಸಿಗುತ್ತದೆ, ನೋಡಿ. ಹಾಗೆಂದು ಎಲ್ಲವನ್ನೂ ಸುರಿಯಬೇಡಿ, ಕವಡೆಯ ಆಟಕ್ಕೆ ಪರದೆಯ ಅಲುಗಾಟ ಒಪ್ಪುವುದಿಲ್ಲ.

ಶನಿವಾರದ ಕೋಡ್:

ನಿಮ್ಮ ಅನುಮಾನ ನಿಜವೆಂದೇ ನನಗೆ ತೋರುತ್ತದೆ. ಕಾಯಿ ನಡೆಸುವ ಕೋಡ್ ಬರೆದ ರಾತ್ರಿ, ಬರೆದದ್ದಕ್ಕೆ ತಕ್ಷಣ ಉತ್ತರವಾಗಿ ಪರದೆಯ ಮೇಲೆ ಕಾಯಿ ನಡೆದಿತ್ತು. ಸೆಟ್ಟಿಂಗ್ಸ್ ಪುಟ ಬರೆದರೆ ಅಂಥ ಉತ್ತರ ಸಿಗುವುದಿಲ್ಲ. ಆದ್ದರಿಂದ ಮನಸ್ಸನ್ನು ಗದರಿಸುವ ಮೊದಲು ಪಟ್ಟಿಯನ್ನು ಕತ್ತರಿಸಿ ನೋಡೋಣ.

ಮೊದಲು ಸಣ್ಣದೊಂದು ಲೆಕ್ಕ, ನೀವು ಲೆಕ್ಕದವರೇ ಆದ್ದರಿಂದ ಬೇಸರವಾಗದು. ಒಂದು ಕಾಯಿ ತನ್ನ ಕಟ್ಟೆಯಿಂದ ಹೊರಟು ನಡುಮನೆ ಸೇರಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ಮೇಲೆ ಚುಕ್ಕಿಚಿತ್ರ ಅವರು ಕೊಟ್ಟ ಪಾಲುಗಳ ಪ್ರಕಾರ ಒಂದು ಎಸೆತದ ಸರಾಸರಿ ಎರಡೂವರೆ. ಅಂದರೆ ಒಂದು ಏಟೂ ತಿನ್ನದೆ ಆಡಿದರೂ ಒಬ್ಬರಿಗೆ ಸುಮಾರು 38 ಎಸೆತ ಬೇಕು, ನಾಲ್ವರು ಸರದಿಯಂತೆ ಆಡಿದರೆ 150ಕ್ಕೂ ಮೇಲೆ. ಎಸೆತ ಮತ್ತು ನಡೆಗೆ ಸೇರಿ ಐದು ಸೆಕೆಂಡ್ ಎಂದರೂ 13 ನಿಮಿಷ ಹತ್ತಿರವಾಯಿತು, ಕಾಯಿಗಳು ಹೊಡೆತ ತಿಂದು ಹಿಂತಿರುಗುವ ಆಟದಲ್ಲಿ ಇದು ಇನ್ನೂ ಬೆಳೆಯುತ್ತದೆ. ಜಗುಲಿಯ ಮೇಲೆ ಮಧ್ಯಾಹ್ನ ಕಳೆಯುವವರಿಗೆ ಇದು ಹೆಚ್ಚಲ್ಲ, ಆದರೆ ಬಸ್ಸಿಗೆ ಕಾಯುತ್ತ ಮೊಬೈಲ್ ತೆಗೆದವರಿಗೆ ಹೆಚ್ಚು. ಇಬ್ಬರು, ತಲಾ ಎರಡು ಕಾಯಿ ಎಂದು ಒಂದು ಕಿರು ಆಟ ಇಟ್ಟರೆ ಒಬ್ಬರಿಗೆ ಸುಮಾರು 19 ಎಸೆತದಲ್ಲಿ ಮುಗಿಯುತ್ತದೆ, ಒಟ್ಟು ಆಟ ಮೂರು ನಾಲ್ಕು ನಿಮಿಷ. ಸೋತವರು "ಇನ್ನೊಂದು" ಎನ್ನುವುದು ಇಂಥ ಆಟದಲ್ಲಿ. ಕಿರು ಆಟವನ್ನೇ ಮುಖ್ಯವಾಗಿ ಇಟ್ಟರೆ ಅರ್ಧದಲ್ಲಿ ಬಿಟ್ಟದ್ದನ್ನು ಉಳಿಸುವ ವ್ಯವಸ್ಥೆಯ ಅಗತ್ಯವೇ ಇರದು, ನಿಮ್ಮ ಪಟ್ಟಿಯಿಂದ ಒಂದು ಹೋಯಿತು. ಕಲಿಸುವ ಭಾಗದ ಬದಲು, ಎಸೆತದ ನಂತರ ನಡೆಸಬಹುದಾದ ಕಾಯಿಗಳು ಮಾತ್ರ ಹೊಳೆಯಲಿ, ಬೆರಳಿಟ್ಟರೆ ಅದು ಸೇರುವ ಮನೆ ಕಾಣಲಿ. ಸೆಟ್ಟಿಂಗ್ಸ್ ಪುಟದ ಬದಲು ಮೂಲೆಯಲ್ಲಿ ಸದ್ದು ನಿಲ್ಲಿಸುವ ಒಂದೇ ಗುಂಡಿ ಸಾಕು.

ಇನ್ನು ಕೂರುವ ಕ್ರಮದ ಬಗ್ಗೆ. ದಿನವೂ ಇಷ್ಟು ಗಂಟೆ ಎಂಬ ಹಟ ಹವ್ಯಾಸಕ್ಕೆ ಸಲ್ಲದು, ಕಚೇರಿಯಲ್ಲಿ ಮಾರ್ಚ್ ತಿಂಗಳು ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು. ನಾನು ಎರಡನ್ನು ಪಾಲಿಸುತ್ತೇನೆ. ಏಳುವ ಮೊದಲು ನಾಳೆಯ ಮೊದಲ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆದಿಡುತ್ತೇನೆ. ಅದು "ಸದ್ದು ಸೇರಿಸಬೇಕು" ಎಂದಲ್ಲ, "ಕಾಯಿ ಹೊಡೆದಾಗ ಬರುವ ಸದ್ದಿನ ಕಡತವನ್ನು ಜೋಡಿಸಬೇಕು" ಎಂದಿರಬೇಕು. ಅಷ್ಟು ಸಣ್ಣದಾಗಿ ಬರೆದರೆ ಆಯಾಸದ ರಾತ್ರಿಯೂ ಕೈ ಓಡುತ್ತದೆ. ಎರಡನೆಯದಾಗಿ, ಆಟ ಯಾವಾಗ ಬೇಕಾದರೂ ಆಡಿಸಬಹುದಾದ ಸ್ಥಿತಿಯಲ್ಲೇ ಇರಬೇಕು. ಕೋಡಿನ ಹಳೆಯ ರೂಪಗಳನ್ನೂ ಕಾಯ್ದಿಡುವ ಗಿಟ್‌ನಲ್ಲಿ ಇಟ್ಟಿರಿ, ವಾರಕ್ಕೊಮ್ಮೆ ಬ್ರೌಸರಿನಲ್ಲಿ ಓಡುವ ರೂಪಕ್ಕೆ ತಂದು ಆಟಗಳನ್ನು ಹಂಚುವ ತಾಣವಾದ ಇಚ್.ಐಓದಲ್ಲಿ ಹಾಕಿ, ಅದಕ್ಕೆ ಹಣ ಬೇಕಿಲ್ಲ.

ಬೇಸರ ತೀರಾ ಹೆಚ್ಚಿದರೆ ಚೌಕಾಬಾರವನ್ನು ಬದಿಗಿಟ್ಟು ಒಂದು ಗೇಮ್ ಜ್ಯಾಮ್‌ನಲ್ಲಿ, ಅಂದರೆ ನಿಗದಿತ ಸಮಯದೊಳಗೆ ಆಟ ಮಾಡುವ ಕೂಟದಲ್ಲಿ, ಭಾಗವಹಿಸಿ. 2002ರಿಂದ ನಡೆದು ಬಂದ ಲುಡಮ್ ಡೇರ್‌ನ ಮುಖ್ಯ ಸ್ಪರ್ಧೆಯಲ್ಲಿ 48 ಗಂಟೆಗಳೊಳಗೆ ಒಬ್ಬರೇ ಒಂದು ಆಟ ಮುಗಿಸಬೇಕು. ಮಿತಿ ಬಿಗಿಯಾಗಿದ್ದರೆ ಆಟ ಮುಗಿಸುವುದು ಸುಲಭ. ಪಿಕೊ-8 ಎಂಬ ಕಾಲ್ಪನಿಕ ಗೇಮ್ ಯಂತ್ರವೂ (ತಂತ್ರಾಂಶದ ರೂಪದಲ್ಲಷ್ಟೇ ಇರುವಂಥದ್ದು) ಇದೇ ಕಾರಣಕ್ಕೆ ನನಗೆ ಪ್ರಿಯ: ಪರದೆ 128 ಚುಕ್ಕಿ ಉದ್ದ, 128 ಚುಕ್ಕಿ ಅಗಲ, ಬಣ್ಣ 16, ಕೋಡಿನ ಗಾತ್ರಕ್ಕೂ ಮಿತಿ. ಸೆಲೆಸ್ಟ್ ಎಂಬ ಆಟದ ಮೊದಲ ರೂಪ ಹುಟ್ಟಿದ್ದು 2015ರಲ್ಲಿ, ಈ ಪಿಕೊ-8ರಲ್ಲಿ, ನಾಲ್ಕು ದಿನಗಳ ಕೆಲಸದಿಂದ. ಅದು ದೊಡ್ಡ ಆಟವಾಗಿ ಹೊರಬಂದದ್ದು 2018ರಲ್ಲಿ.

ಅರೆಮಲೆನಾಡು:

ಮೇಲಿನ ಇಬ್ಬರ ಸಲಹೆಗಳೂ ಉಪಯುಕ್ತ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 48 ಗಂಟೆ ನಿದ್ದೆಗೆಟ್ಟು ಆಟ ಮುಗಿಸುವುದು ಹೆಂಡತಿ ಮಕ್ಕಳು, ವಯಸ್ಸಾದ ತಂದೆ ತಾಯಿ ಇರುವ ಮನೆಯಲ್ಲಿ ಎಲ್ಲರಿಗೂ ಸಾಧ್ಯವಿಲ್ಲ, ಅದು ಹುರುಪು ತುಂಬುವುದಕ್ಕಿಂತ ದಣಿಸುವುದೇ ಹೆಚ್ಚು. ಹಾಗೆಯೇ, ಒಬ್ಬರೇ ಮಾಡಿ ಗೆದ್ದ ಆಟದ ಮಾತು ಬಂದಾಗಲೆಲ್ಲ ಸ್ಟಾರ್ಡ್ಯೂ ವ್ಯಾಲಿಯ ಹೆಸರು ಬರುತ್ತದೆ. ಎರಿಕ್ ಬರೋನ್ ಅದಕ್ಕಾಗಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು 2016ರಲ್ಲಿ ಬಿಡುಗಡೆ ಮಾಡಿದರು. ಆದರೆ ಅವರಿಗೆ ಅದು ರಾತ್ರಿ ಊಟದ ನಂತರದ ಹವ್ಯಾಸವಾಗಿರಲಿಲ್ಲ, ಹಗಲಿನ ಮುಖ್ಯ ಕೆಲಸವೇ ಆಗಿತ್ತು. ನಮ್ಮ ಅಳತೆಗೋಲು ಅದಾಗಬಾರದು.

ಹವ್ಯಾಸಿಗೆ ಹುರುಪು ಕೊಡುವುದು ಆಡುವವರ ಸಹವಾಸ ಎಂಬುದು ನನ್ನ ನಂಬಿಕೆ. ಕಂಪ್ಯೂಟರ್ ಎದುರಾಳಿಯ ಮೇಲೆ ನೀವು ಶ್ರಮ ಹಾಕಿದ್ದೀರಿ, ಆದರೆ ಚೌಕಾಬಾರ ಒಬ್ಬರೇ ಆಡುವ ಆಟವೇ ಅಲ್ಲ. ತಂಗಿಯ ಹಣ್ಣಾಗಲಿದ್ದ ಕಾಯಿಯನ್ನು ಅಣ್ಣ ಹೊಡೆದಾಗ ಏಳುವ ಗಲಾಟೆಗಾಗಿಯೇ ಅದನ್ನು ಆಡುವುದು. ಇಂಟರ್ನೆಟ್ ಮೂಲಕ ಆಡಿಸುವ ಯೋಚನೆ ಇದ್ದರೆ ಸದ್ಯಕ್ಕೆ ಕೈಬಿಡಿ, ಸರ್ವರ್ ಕಾಯುವ ಕೆಲಸ ಹವ್ಯಾಸವನ್ನು ನೌಕರಿಯಾಗಿಸುತ್ತದೆ. ಮೊಬೈಲನ್ನೋ ಟ್ಯಾಬ್ ಅನ್ನೋ ಚಾಪೆಯ ನಡುವೆ ಮಲಗಿಸಿ ನಾಲ್ಕು ಕಡೆಯಿಂದ ನಾಲ್ವರು ಆಡುವಂತೆ ಮಾಡಿ. ಆಗ ಒಬ್ಬರಿಗೆ ನೇರವಾಗಿ ಕಾಣುವ ಅಕ್ಷರ ಎದುರು ಕುಳಿತವರಿಗೆ ತಲೆಕೆಳಗಾಗಿ ಕಾಣುತ್ತದೆ, ಆದ್ದರಿಂದ ಬರಹವನ್ನು ಆದಷ್ಟು ಕಡಿಮೆ ಮಾಡಿ ಕವಡೆಯ ಚಿತ್ರವನ್ನೇ ನೆಚ್ಚಿಕೊಳ್ಳಿ, ಅಂಕಿ ತೋರಿಸಲೇಬೇಕಾದರೆ ಸರದಿ ಯಾರದೋ ಅವರ ಕಡೆಗೆ ತಿರುಗಿಸಿ.

ಹಿರಿಯರ ಕೈಗೂ ಕೊಟ್ಟು ನೋಡಿ. ಕೊಟ್ಟ ಮೇಲೆ ವಿವರಿಸಲು ಹೋಗಬೇಡಿ, ಬೆರಳು ಎಲ್ಲಿ ತಡೆಯುತ್ತದೆ ಎಂಬುದನ್ನಷ್ಟೇ ನೋಡಿ. ಎರಡನೆಯ ನಿಮಿಷಕ್ಕೆ "ನಮ್ಮ ಕಡೆ ಹೀಗಲ್ಲಪ್ಪ" ಎಂಬ ಮಾತು ಬಂದೇ ಬರುತ್ತದೆ. ಕಾಯಿ ಹುಟ್ಟಲು (ಆಟಕ್ಕೆ ಇಳಿಯಲು) ಏನು ಬೀಳಬೇಕು, ಒಂದೇ ಮನೆಯಲ್ಲಿ ತನ್ನವೇ ಎರಡು ಕಾಯಿ ಕೂತರೆ ಏನಾಗುತ್ತದೆ, ಹೊಡೆದವರಿಗೆ ಮರು ಎಸೆತ ಉಂಟೋ ಇಲ್ಲವೋ, ಇವೆಲ್ಲ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಈ ಭೇದಗಳನ್ನು ಆಯ್ಕೆಗಳಾಗಿ ಕೊಟ್ಟರೆ ಆಡುವವರಿಗೆ ಇದು ತಮ್ಮ ಮನೆಯ ಆಟ ಎನಿಸುತ್ತದೆ. ನೂರು ನಾಣ್ಯಕ್ಕಿಂತ ಅದು ದೊಡ್ಡ ಬಹುಮಾನ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಮಣೆಯಾಟಗಳ ಪ್ರದರ್ಶನಗಳನ್ನು ನಡೆಸುತ್ತ ಬಂದಿದ್ದಾರೆ. ಹಾಸು ಮತ್ತು ಕಾಯಿಗಳ ಅಂದ ಹೇಗಿರಬೇಕೆಂದು ಯೋಚಿಸುತ್ತಿದ್ದರೆ ಅಂಥದ್ದನ್ನು ಒಮ್ಮೆ ನೋಡಿ ಬನ್ನಿ.

ಗೂಗಲ್ ಪ್ಲೇಗೆ ಹಾಕುವ ಅವಸರವೂ ಬೇಡ. ನೋಂದಣಿ ಶುಲ್ಕ 25 ಡಾಲರ್ ಒಮ್ಮೆ ಕೊಟ್ಟರೆ ಮುಗಿಯಿತು, ಆದರೆ 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಸಾರ್ವಜನಿಕ ಬಿಡುಗಡೆಗೆ ಮೊದಲು 14 ದಿನ ಸತತ ಪರೀಕ್ಷೆ ನಡೆಸಬೇಕೆಂಬ ನಿಯಮ ಬಂದಿದೆ. ಮೊದಲು 20 ಪರೀಕ್ಷಕರು ಬೇಕಿತ್ತು, ಆಮೇಲೆ ಅದನ್ನು 12ಕ್ಕೆ ಇಳಿಸಿದರು. ಕಂಪ್ಯೂಟರ್ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ ಆಟವೊಂದಕ್ಕೆ 100 ಡಾಲರ್. ಆಟ ಮಾಡುವ ಉತ್ಸಾಹ ಇದ್ದವರೂ ಈ ಕಾಗದಪತ್ರದ ಹಂತದಲ್ಲಿ ಸೊರಗುವುದನ್ನು ನೋಡಿದ್ದೇನೆ. ಬ್ರೌಸರಿನ ಕೊಂಡಿಯೊಂದನ್ನು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ ಸದ್ಯಕ್ಕೆ ಸಾಕಷ್ಟು ಜನ ಆಡುತ್ತಾರೆ.

ಒತ್ತಕ್ಷರ:

ಒಂದೇ ಸಣ್ಣ ಮಾತು. ಆಟದಲ್ಲಿ ಆಡುವವರ ಹೆಸರನ್ನು ಕನ್ನಡದಲ್ಲಿ ಬರೆಯಲು ಬಿಡುವುದಾದರೆ ಗೊಡೊದ 4ನೆಯ ಆವೃತ್ತಿಯನ್ನೇ ಬಳಸಿ. ಹಿಂದಿನ 3ರಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಒಡೆದು ಕಾಣುತ್ತಿದ್ದವು. 2023ರಲ್ಲಿ ಬಂದ 4.0ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ತಂತ್ರಾಂಶ ಬಳಕೆಯಾಗುತ್ತಿರುವುದರಿಂದ "ಲಕ್ಷ್ಮೀ" ಎಂದು ಬರೆದರೆ ಲಕ್ಷ್ಮೀ ಎಂದೇ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಅನ್ನು ಆಟದೊಳಗೇ ಸೇರಿಸಿ ಹಂಚಲು ಅದರ ಪರವಾನಗಿ ಒಪ್ಪುತ್ತದೆ. ಮೊಬೈಲಿನಲ್ಲಿ ಇರುವ ಫಾಂಟ್ ಅನ್ನು ನಂಬಬೇಡಿ, ಬ್ರೌಸರಿನಲ್ಲಿ ಓಡಿಸುವಾಗ ಬರೀ ಚೌಕಗಳು ಕಾಣಿಸಿಯಾವು.

ಕವಡೆಗಾರ:

ಎಲ್ಲರಿಗೂ ಧನ್ಯವಾದ. ಚುಕ್ಕಿಚಿತ್ರ ಅವರೇ, ನಾಲ್ಕು ಕವಡೆಗಳನ್ನೂ ಬೇರೆಬೇರೆಯಾಗಿಯೇ ಎಸೆಯುತ್ತಿದ್ದೇನೆ, ಆದರೆ ಒಟ್ಟಿಗೇ ನಿಲ್ಲಿಸುತ್ತಿದ್ದೆ. ನೀವು ಹೇಳಿದಂತೆ ಒಂದೊಂದಾಗಿ ನಿಲ್ಲಿಸಿ ನೋಡಿದೆ. ನಾನೇ ಬರೆದ ಆಟದಲ್ಲಿ, ಮೂರು ಕವಡೆ ಮಗುಚಿ ನಾಲ್ಕನೆಯದು ಹೊರಳುತ್ತಿದ್ದಾಗ ಉಸಿರು ಬಿಗಿ ಹಿಡಿದು ನೋಡಿದೆ ಎಂದರೆ ನಂಬುತ್ತೀರೋ ಇಲ್ಲವೋ. ನಾಣ್ಯ, ಅಂಗಡಿ ಎರಡನ್ನೂ ತೆಗೆದಿದ್ದೇನೆ. ಶನಿವಾರದ ಕೋಡ್ ಅವರ ಲೆಕ್ಕವನ್ನು ಮತ್ತೊಮ್ಮೆ ಮಾಡಿದೆ, ಸರಿಯಿದೆ. ಆದರೆ ನಮ್ಮ ಮನೆಯ ನಿಯಮದಲ್ಲಿ ಕಾಯಿ ಹುಟ್ಟಲು ಚೌಕವೋ ಬಾರವೋ ಬೀಳಲೇಬೇಕು. ಎಂಟರಲ್ಲಿ ಒಂದು ಸಂಭವವಾದ್ದರಿಂದ ಎಂಟು ಎಸೆತವಾದರೂ ಒಂದು ಕಾಯಿಯೂ ಹುಟ್ಟದಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕೂ ತುಸು ಹೆಚ್ಚು. ಕಿರು ಆಟದಲ್ಲಿ ಮೊದಲ ಕಾಯಿಯನ್ನು ಹುಟ್ಟಿಸಿಯೇ ಆರಂಭಿಸುತ್ತೇನೆ, ಉದ್ದದ ಆಟದಲ್ಲಿ ಹಳೆಯ ನಿಯಮ ಇರಲಿ.

ಉಳಿದದ್ದು ಸದ್ದು. ಒಳ್ಳೆಯ ಮೈಕ್ ನನ್ನಲ್ಲಿಲ್ಲ. ಇಂಟರ್ನೆಟ್ಟಿನಲ್ಲಿ ದಾಳದ ಸದ್ದು ಸಿಗುತ್ತದೆ, ಕವಡೆಯದು ಸಿಗುತ್ತಿಲ್ಲ. ಏನು ಮಾಡಬಹುದು?

ಚುಕ್ಕಿಚಿತ್ರ:

ಮೈಕ್ ಬೇಕಿಲ್ಲ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಮಡಚಿದ ಟವೆಲಿನ ಮೇಲೆ ಒಂದು ಗೇಣು ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ನೆಲಕ್ಕೆ ತಾಗಿಸಿ ಇಟ್ಟರೆ ನೆಲದ ಕಂಪನ ಸೇರಿ ದಪ್ ಎಂದು ಕೇಳಿಸುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಸದ್ದು ಚುರುಕಾಗಿರುತ್ತದೆ, ಚಾಪೆಯ ಮೇಲೆ ಮಂಕು. ನಾಲ್ಕನ್ನೂ ಒಟ್ಟಿಗೆ ಎಸೆದ ಸದ್ದು ನಿಮಗೆ ಉಪಯೋಗಕ್ಕೆ ಬಾರದು, ಈಗ ಕವಡೆಗಳು ಒಂದೊಂದಾಗಿ ನಿಲ್ಲುತ್ತಿರುವುದರಿಂದ ಒಂದೇ ಕವಡೆ ಬಿದ್ದು ಹೊರಳಿ ನಿಲ್ಲುವ ಸದ್ದನ್ನು ಐದಾರು ಬಗೆಯಲ್ಲಿ ಬೇರೆಬೇರೆಯಾಗಿ ಹಿಡಿಯಿರಿ. ಅಂಗೈಯಲ್ಲಿ ಕುಲುಕುವ ಸದ್ದನ್ನು ಇನ್ನೊಂದು ಕಡತವಾಗಿ ಇಟ್ಟುಕೊಂಡು, ಆಡುವವರು ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಅದನ್ನು ನುಡಿಸಿ, ಬೆರಳು ಎತ್ತಿದಾಗ ಕವಡೆ ಬೀಳಲಿ. ಗೊಡೊ 4ರಲ್ಲಿ ಆಡಿಯೊಸ್ಟ್ರೀಮ್ ರ‍್ಯಾಂಡಮೈಸರ್ ಎಂಬುದಿದೆ. ಹಿಡಿದ ಸದ್ದುಗಳನ್ನೆಲ್ಲ ಅದಕ್ಕೆ ಕೊಟ್ಟು ಶ್ರುತಿಯೂ ಪ್ರತಿಸಲ ತುಸು ಬದಲಾಗುವಂತೆ ಮಾಡಿ. ಒಂದೇ ಕಡತವನ್ನು ಒಂದು ಆಟದಲ್ಲಿ ನೂರೈವತ್ತು ಸಲ ನುಡಿಸಿದರೆ, ಮೂಲೆಯಲ್ಲಿ ಇಟ್ಟಿರುವ ಆ ಸದ್ದು ನಿಲ್ಲಿಸುವ ಗುಂಡಿಯನ್ನು ಎಲ್ಲರೂ ಒತ್ತಿಬಿಡುತ್ತಾರೆ.